ರಾತ್ರಿ ಕಾಲು ಸೆಟೆದುಕೊಂಡರೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ನಿದ್ದೆಯಲ್ಲಿ ಇದ್ದಕ್ಕಿದ್ದಂತೆ ಮೀನಖಂಡ ಗಂಟು ಕಟ್ಟಿಕೊಂಡು ಜೀವ ಹಿಂಡುವ ಸ್ನಾಯು ಸೆಳೆತದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಬ್ಬ ವೈದ್ಯರು ಮತ್ತು ಒಬ್ಬ ಫಿಸಿಯೋಥೆರಪಿಸ್ಟ್ ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ 58 ವರ್ಷ. ವಾರದಲ್ಲಿ ಎರಡು ಮೂರು ರಾತ್ರಿ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನೋವಿಗೆ ಕಿರುಚಿಕೊಂಡು ಎದ್ದು ಕೂರುತ್ತೇನೆ. ಮನೆಯವರು ಮುಲಾಮು ಹಚ್ಚಿ ತಿಕ್ಕುತ್ತಾರೆ, ಆದರೂ ಬೇಗ ಬಿಡುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಏನು ಮಾಡಬೇಕು?

ತಿಕ್ಕುವುದು ಆಮೇಲಿನ ಕೆಲಸ. ಮೊದಲು ಸ್ನಾಯುವನ್ನು ಎಳೆದು ಉದ್ದ ಮಾಡಬೇಕು. ಸೆಟೆದ ಸ್ನಾಯು ಪೂರ್ತಿ ಕುಗ್ಗಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಅದನ್ನು ಉದ್ದಕ್ಕೆ ಎಳೆದರೆ ಸ್ನಾಯು ಮೂಳೆಗೆ ಅಂಟುವ ಕಡೆ ಇರುವ ಸಂವೇದಕಗಳು 'ಇನ್ನು ಸಾಕು, ಬಿಡು' ಎಂಬ ಸಂದೇಶವನ್ನು ಬೆನ್ನುಹುರಿಗೆ ಕಳಿಸುತ್ತವೆ. ಮುಲಾಮಿನಿಂದ ಈ ಕೆಲಸ ಆಗುವುದಿಲ್ಲ.

ಮಲಗಿದಲ್ಲಿಯೇ ಮಂಡಿಯನ್ನು ಪೂರ್ತಿ ನೇರ ಮಾಡಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ನೋವಾದ ಕೂಡಲೇ ಮಂಡಿ ಮಡಚಿ ಕಾಲನ್ನು ಎದೆಗೆ ಅವುಚಿಕೊಳ್ಳುತ್ತಾರೆ. ಮೀನಖಂಡದ ದೊಡ್ಡ ಸ್ನಾಯು ಶುರುವಾಗುವುದೇ ಮಂಡಿಯ ಮೇಲಿನಿಂದ, ತೊಡೆ ಮೂಳೆಯ ತುದಿಯಿಂದ. ಮಂಡಿ ಮಡಚಿದರೆ ಅದು ಸಡಿಲಬೀಳುತ್ತದೆ, ಆಮೇಲೆ ಪಾದವನ್ನು ಎಷ್ಟು ಎಳೆದರೂ ಆ ಎಳೆತ ಅದಕ್ಕೆ ತಲುಪುವುದಿಲ್ಲ.

ಮಂಡಿ ನೇರವಾದ ಮೇಲೆ ಪಾದವನ್ನು ಬೆರಳುಗಳ ಸಮೇತ ನಿಮ್ಮ ಮುಖದ ಕಡೆಗೆ ಎತ್ತಿ. ಮೊದಲು ಕೈ ಹಾಕದೆ ಕಾಲಿನ ಸ್ವಂತ ಬಲದಿಂದಲೇ ಎತ್ತಿ ನೋಡಿ. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರುವ ಸ್ನಾಯು ಬಿಗಿಯಾದಾಗ ಹಿಂದಿನ ಮೀನಖಂಡ ತಾನಾಗಿಯೇ ಸಡಿಲಗೊಳ್ಳುವಂತೆ ನರಮಂಡಲದ ಏರ್ಪಾಡಿದೆ. ಅಷ್ಟಕ್ಕೆ ಬಿಡದಿದ್ದರೆ ಟವೆಲ್ ಬಳಸಿ. ಟವೆಲನ್ನು ಬೆರಳುಗಳ ಬುಡದ ಉಬ್ಬಿನ ಮೇಲೆ ಸುತ್ತಿ, ಎರಡೂ ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ಅಂಗಾಲಿನ ನಡುವೆ ಸುತ್ತಿದರೆ ಹಿಡಿತ ಸಿಗುವುದಿಲ್ಲ. ಪೂರ್ತಿ ಎಳೆಯಲು ಮೂರು ನಾಲ್ಕು ಸೆಕೆಂಡು ತೆಗೆದುಕೊಳ್ಳಿ. ಜಗ್ಗಿ ಎಳೆದರೆ, ಬಿಗಿಯಾಗಿ ಕುಗ್ಗಿರುವ ಸ್ನಾಯುವಿನ ಎಳೆಗಳಿಗೆ ಪೆಟ್ಟಾಗಬಹುದು. ಎಳೆದ ಮೇಲೆ 30 ಸೆಕೆಂಡಿನಿಂದ ಒಂದು ನಿಮಿಷ ಹಾಗೇ ಹಿಡಿದಿರಿ. ನೋವು ಇಳಿಯಿತು ಎನ್ನಿಸಿದ ತಕ್ಷಣ ಕೈ ಬಿಡಬೇಡಿ. ಇನ್ನೂ ಇಪ್ಪತ್ತು ಸೆಕೆಂಡು ಹಿಡಿದು, ಮೆಲ್ಲಗೆ ಸಡಿಲಿಸಿ. ಬೇಗ ಬಿಟ್ಟರೆ ಸೆಳೆತ ಮತ್ತೆ ಮರುಕಳಿಸುವುದುಂಟು.

ಮನೆಯವರು ಸಹಾಯ ಮಾಡುವುದಾದರೆ ಒಂದು ಅಂಗೈಯಲ್ಲಿ ನಿಮ್ಮ ಹಿಮ್ಮಡಿ ಹಿಡಿದು, ಮುಂಗೈಯನ್ನು ಅಂಗಾಲಿಗೆ ಒತ್ತಿಟ್ಟುಕೊಂಡು, ತಮ್ಮ ದೇಹವನ್ನೇ ನಿಮ್ಮ ಕಡೆಗೆ ಬಾಗಿಸಲಿ. ಇನ್ನೊಂದು ಕೈಯನ್ನು ಮಂಡಿಯ ಮೇಲಿಟ್ಟು ಅದು ಮಡಚದಂತೆ ನೋಡಿಕೊಳ್ಳಲಿ. ಬರೀ ಬೆರಳುಗಳನ್ನು ಹಿಡಿದು ಎಳೆಯುವುದಕ್ಕಿಂತ ಇದು ಹೆಚ್ಚು ಬಲವಾಗಿ, ಕಡಿಮೆ ನೋವಿನಿಂದ ಕೆಲಸ ಮಾಡುತ್ತದೆ.

ಎದ್ದು ನಿಲ್ಲಬಲ್ಲವರು ಗೋಡೆ ಹಿಡಿದು, ಸೆಟೆದ ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಒತ್ತಬಹುದು. ದೇಹದ ತೂಕವೇ ಸ್ನಾಯುವನ್ನು ಎಳೆಯುತ್ತದೆ. ಆದರೆ ನಿದ್ದೆಗಣ್ಣಲ್ಲಿ, ಕತ್ತಲೆಯಲ್ಲಿ, ಒಂಟಿಕಾಲಲ್ಲಿ ಹಾಸಿಗೆಯಿಂದ ಹಾರಿ ಇಳಿಯಬೇಡಿ. ಸೆಳೆತ ಕೆಲ ನಿಮಿಷದಲ್ಲಿ ಹೋಗುತ್ತದೆ, ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ನರಳಬೇಕು. ದೀಪದ ಸ್ವಿಚ್ ಕೈಗೆಟುಕುವಂತಿರಲಿ, ಟವೆಲ್ ದಿಂಬಿನ ಪಕ್ಕದಲ್ಲೇ ಇರಲಿ.

ಗಂಟು ಬಿಟ್ಟ ಮೇಲೆ ಹಿಮ್ಮಡಿಯಿಂದ ಮಂಡಿಯ ಕಡೆಗೆ ಹದವಾಗಿ ನೀವಿ. ಹತ್ತು ಹದಿನೈದು ನಿಮಿಷ ಬಿಸಿನೀರಿನ ಚೀಲ ಇಟ್ಟುಕೊಳ್ಳಬಹುದು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಶಾಖ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಮರುದಿನ ಮೀನಖಂಡ ಮುಟ್ಟಿದರೆ ನೋಯುವುದು ಸಾಮಾನ್ಯ, ಒಂದೆರಡು ದಿನದಲ್ಲಿ ಹೋಗುತ್ತದೆ.

ಪ್ರಶ್ನೆ: ನನಗೆ ಸೆಳೆತ ಬರುವುದು ಅಂಗಾಲಿನಲ್ಲಿ. ಕೆಲವೊಮ್ಮೆ ತೊಡೆಯ ಹಿಂಭಾಗದಲ್ಲಿ. ಅದಕ್ಕೂ ಇದೇ ಉಪಾಯವೇ?

ಸೂತ್ರ ಒಂದೇ: ಕುಗ್ಗಿದ ಸ್ನಾಯುವನ್ನು ಅದು ಎಳೆಯುತ್ತಿರುವ ದಿಕ್ಕಿಗೆ ವಿರುದ್ಧವಾಗಿ ಉದ್ದ ಮಾಡಬೇಕು. ಅಂಗಾಲು ಸೆಟೆದು ಬೆರಳುಗಳು ಮುರುಟಿಕೊಂಡರೆ, ಹೆಬ್ಬೆರಳನ್ನೂ ಉಳಿದ ಬೆರಳುಗಳನ್ನೂ ಒಟ್ಟಿಗೆ ಹಿಡಿದು ಪಾದದ ಮೇಲ್ಭಾಗದ ಕಡೆಗೆ ಬಗ್ಗಿಸಿ. ಇಲ್ಲವೇ ಮಂಚದಂಚಿನಲ್ಲಿ ಕೂತು ಪಾದವನ್ನು ನೆಲಕ್ಕೆ ಚಪ್ಪಟೆಯಾಗಿ ಊರಿ ಒತ್ತಿ.

ತೊಡೆಯ ಹಿಂಭಾಗಕ್ಕೆ: ಕಾಲನ್ನು ಹಾಸಿಗೆಯ ಮೇಲೆ ನೇರ ಚಾಚಿ ಕೂತು, ಬೆನ್ನು ಬಗ್ಗಿಸದೆ ಸೊಂಟದಿಂದ ಮುಂದಕ್ಕೆ ಬಾಗಿ. ತೊಡೆಯ ಮುಂಭಾಗ ಸೆಟೆದರೆ ಮಗ್ಗುಲಿಗೆ ತಿರುಗಿ ಮಲಗಿ, ಮಂಡಿ ಮಡಚಿ, ಹಿಮ್ಮಡಿಯನ್ನು ಪೃಷ್ಠದ ಕಡೆಗೆ ತನ್ನಿ. ಇಲ್ಲೊಂದು ತೊಡಕಿದೆ. ಮೀನಖಂಡವನ್ನು ಬಿಡಿಸಲು ಹೋಗಿ ಹಿಮ್ಮಡಿಯನ್ನು ಹಾಸಿಗೆಗೆ ಗಟ್ಟಿಯಾಗಿ ಒತ್ತಿದರೆ ತೊಡೆಯ ಹಿಂದಿನ ಸ್ನಾಯು ಬಿಗಿಯಾಗಿ ಅದೂ ಹಿಡಿದುಕೊಳ್ಳುವುದುಂಟು. ಕಾಲನ್ನು ಹಾಸಿಗೆಯ ಮೇಲೆ ಹಗುರವಾಗಿ ಬಿಟ್ಟು ಪಾದವನ್ನಷ್ಟೇ ಎಳೆಯಿರಿ.

ಪ್ರಶ್ನೆ: ಇದು ನರ ದೌರ್ಬಲ್ಯದಿಂದ ಬರುತ್ತದೆ ಎನ್ನುತ್ತಾರೆ. ಕೆಲವರು ನೀರು ಕಡಿಮೆ ಕುಡಿದದ್ದಕ್ಕೆ ಎನ್ನುತ್ತಾರೆ. ರಕ್ತಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿಯಾಗಿದೆ. ಹಾಗಾದರೆ ಕಾರಣವೇನು? ಅದೂ ರಾತ್ರಿಯೇ ಏಕೆ?

ನಿಮ್ಮ ಪರೀಕ್ಷೆ ಸರಿಯಾಗಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ರಾತ್ರಿ ಸೆಳೆತ ಬರುವ ಬಹುತೇಕರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮಟ್ಟ ಸರಿಯಾಗಿಯೇ ಇರುತ್ತದೆ. ಸ್ನಾಯುವಿಗೆ ಹೋಗುವ ಚಾಲಕ ನರ ಯಾರ ಅಪ್ಪಣೆಯೂ ಇಲ್ಲದೆ ಒಂದೇ ಸಮನೆ ಅತಿ ವೇಗದಲ್ಲಿ ಸಂಕೇತ ಹೊಡೆಯಲು ಶುರುಮಾಡಿದಾಗ ಸ್ನಾಯು ಸೆಟೆಯುತ್ತದೆ ಎಂಬುದು ಈಗ ಹೆಚ್ಚು ಒಪ್ಪಿತವಾದ ವಿವರಣೆ. ಅಂದರೆ ಇಲ್ಲಿ ನರ ಸೋತಿಲ್ಲ, ಅತಿಯಾಗಿ ಕೆರಳಿದೆ. 'ನರಕ್ಕೆ ಶಕ್ತಿ' ಎಂದು ಮಾರುವ ಟಾನಿಕ್‌ನಿಂದ ಇದು ನಿಲ್ಲಬೇಕಾದ ಕಾರಣವಿಲ್ಲ.

ರಾತ್ರಿಯೇ ಏಕೆ ಎಂಬುದಕ್ಕೆ ನೀವು ಮಲಗುವ ಭಂಗಿಯನ್ನು ಗಮನಿಸಿ. ಅಂಗಾತ ಮಲಗಿದಾಗ ಪಾದ ತನ್ನಷ್ಟಕ್ಕೆ ಕೆಳಗೆ ಬಾಗುತ್ತದೆ, ಬೆರಳುಗಳು ಗೋಡೆಯ ಕಡೆಗೆ ಚಾಚಿಕೊಳ್ಳುತ್ತವೆ. ಬೋರಲು ಮಲಗಿದರೆ ಇನ್ನೂ ಹೆಚ್ಚು. ಮೇಲೆ ಭಾರದ ಹೊದಿಕೆಯನ್ನು ಬಿಗಿಯಾಗಿ ಸಿಕ್ಕಿಸಿದ್ದರೆ ಅದೂ ಪಾದವನ್ನು ಒತ್ತುತ್ತದೆ. ಈ ಭಂಗಿಯಲ್ಲಿ ಮೀನಖಂಡ ಆಗಲೇ ಗಿಡ್ಡವಾಗಿರುತ್ತದೆ. ಗಿಡ್ಡವಾದ ಸ್ನಾಯುವಿನಿಂದ 'ಸಾಕು, ಬಿಡು' ಎಂಬ ಸಂದೇಶ ಸರಿಯಾಗಿ ಹೋಗುವುದಿಲ್ಲ. ಅಂಥ ಹೊತ್ತಿನಲ್ಲಿ ಮೈ ಮುರಿಯಲು ಕಾಲು ಚಾಚಿ ಬೆರಳುಗಳನ್ನು ಕೆಳಗೆ ಒತ್ತಿದರೆ ಸಾಕು, ಹಿಡಿದುಕೊಂಡಿತು. ಬೆಳಗಿನ ಜಾವ ಮೈ ಮುರಿಯುವಾಗ ಬೆರಳುಗಳ ಬದಲು ಹಿಮ್ಮಡಿಯನ್ನು ಮುಂದಕ್ಕೆ ತಳ್ಳುವುದನ್ನು ರೂಢಿಸಿಕೊಳ್ಳಿ. ಇಷ್ಟರಿಂದಲೇ ಎಷ್ಟೋ ಸೆಳೆತ ತಪ್ಪುತ್ತದೆ.

ವಯಸ್ಸಾದಂತೆ ಚಾಲಕ ನರಕೋಶಗಳು ಕಡಿಮೆಯಾಗುತ್ತವೆ, ಸ್ನಾಯುರಜ್ಜುಗಳು ಗಿಡ್ಡವಾಗುತ್ತವೆ. ಹಾಗಾಗಿ 50 ದಾಟಿದವರಲ್ಲಿ ಇದು ಹೆಚ್ಚು. ದಿನವಿಡೀ ಕೂತೇ ಇರುವುದು, ಅಭ್ಯಾಸವಿಲ್ಲದೆ ಒಮ್ಮೆಲೇ ಬಹಳ ನಡೆಯುವುದು, ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವುದು, ಎತ್ತರದ ಹಿಮ್ಮಡಿಯ ಚಪ್ಪಲಿ ಇವೂ ಸೇರುತ್ತವೆ.

ನೀರಿನ ಮಾತು ಪೂರ್ತಿ ಸುಳ್ಳಲ್ಲ. ಬಿಸಿಲಲ್ಲಿ ದುಡಿದು ಬೆವರು ಹರಿದ ದಿನ, ವಾಂತಿ ಭೇದಿಯಾದ ದಿನ ನೀರು, ಉಪ್ಪು ಎರಡೂ ನಷ್ಟವಾಗಿ ಸೆಳೆತ ಬರುತ್ತದೆ. ಆಗ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇನ್ನಷ್ಟು ತೆಳುವಾಗುತ್ತದೆ. ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ ಕುಡಿಯಿರಿ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಇದನ್ನು ಮಾಡಕೂಡದು. ಉಳಿದ ದಿನಗಳಲ್ಲಿ, ಹಗಲು ಸಾಕಷ್ಟು ಕುಡಿಯುವವರು ಸೆಳೆತಕ್ಕೆಂದು ಮಲಗುವ ಮುಂಚೆ ಮತ್ತೆರಡು ಲೋಟ ಕುಡಿದರೆ ಮೂತ್ರಕ್ಕೆ ಏಳುವುದು ಹೆಚ್ಚುತ್ತದೆ, ಅಷ್ಟೇ.

ಪ್ರಶ್ನೆ: ಬಾರದ ಹಾಗೆ ತಡೆಯಲು ವ್ಯಾಯಾಮ ಇದೆಯೇ? ಯಾವುದು, ಎಷ್ಟು ಹೊತ್ತು?

ಇದೆ. ನಾವು ಮೊದಲು ಸೂಚಿಸುವುದೇ ಇದನ್ನು, ಏಕೆಂದರೆ ಖರ್ಚಿಲ್ಲ, ಅಪಾಯ ತೀರಾ ಕಡಿಮೆ. 55 ವರ್ಷ ದಾಟಿದ 80 ಜನರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಗುವ ಮುನ್ನ ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಎಳೆದವರಿಗೆ ಆರು ವಾರದಲ್ಲಿ ಸೆಳೆತದ ಸಂಖ್ಯೆಯೂ ತೀವ್ರತೆಯೂ ಇಳಿದವು. 2005ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಇಂಥ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಆರು ವಾರ ಬಿಡದೆ ಮಾಡಿ ನೋಡುವುದರಲ್ಲಿ ಕಳೆದುಕೊಳ್ಳುವುದೇನಿಲ್ಲ.

ಹಲ್ಲುಜ್ಜಿ ಮಲಗಲು ಹೋಗುವ ಮುಂಚೆ ಗೋಡೆಗೆ ಮುಖಮಾಡಿ ಸುಮಾರು ಎರಡು ಅಡಿ ದೂರ ನಿಂತು, ಎರಡೂ ಅಂಗೈ ಎದೆಯ ಮಟ್ಟದಲ್ಲಿ ಗೋಡೆಗೆ ಊರಿ. ಒಂದು ಕಾಲನ್ನು ಇನ್ನೊಂದು ಹೆಜ್ಜೆ ಹಿಂದಿಡಿ. ಹಿಂದಿನ ಕಾಲಿನ ಮಂಡಿ ನೇರ, ಹಿಮ್ಮಡಿ ನೆಲಕ್ಕೆ, ಬೆರಳು ಗೋಡೆಯ ಕಡೆಗೆ. ಈಗ ಮುಂದಿನ ಮಂಡಿಯನ್ನು ಮಡಚುತ್ತಾ ಸೊಂಟವನ್ನು ಗೋಡೆಯ ಕಡೆಗೆ ತನ್ನಿ. ಮೀನಖಂಡದ ಮೇಲ್ಭಾಗದಲ್ಲಿ ಎಳೆತ ಗೊತ್ತಾಗಬೇಕು, ನೋವಾಗಬಾರದು. 10 ಸೆಕೆಂಡು ನಿಂತು ಸಡಿಲಿಸಿ. ಕಾಲಿಗೆ ಮೂರು ಸಲ. ಆಮೇಲೆ ಅದೇ ಭಂಗಿಯಲ್ಲಿ ಹಿಂದಿನ ಮಂಡಿಯನ್ನೂ ತುಸು ಮಡಚಿ, ಹಿಮ್ಮಡಿ ಎತ್ತದೆ ಮತ್ತೆ ಮೂರು ಸಲ. ಇದರಿಂದ ಒಳಗಿರುವ ಇನ್ನೊಂದು ಸ್ನಾಯುವಿಗೂ ಎಳೆತ ಸಿಗುತ್ತದೆ. ಕೊನೆಗೆ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು ಪಾದ ಮೇಲೆತ್ತಿ ಮುಂದಕ್ಕೆ ಬಾಗಿ, ಇದೂ 10 ಸೆಕೆಂಡು, ಮೂರು ಸಲ. ಎಲ್ಲ ಸೇರಿ ಐದು ನಿಮಿಷವೂ ಆಗುವುದಿಲ್ಲ.

ಫಲ ಸಿಗದವರನ್ನು ಮಾಡಿ ತೋರಿಸಿ ಎಂದರೆ ಹಿಂದಿನ ಪಾದ ಹೊರಕ್ಕೆ ತಿರುಗಿರುತ್ತದೆ, ಹಿಮ್ಮಡಿ ನೆಲಬಿಟ್ಟು ಎದ್ದಿರುತ್ತದೆ, ಇಲ್ಲವೇ ಹಿಡಿದು ನಿಲ್ಲದೆ ಪುಟಿದು ಪುಟಿದು ಬಾಗುತ್ತಾರೆ. ಪುಟಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಹಿಮ್ಮಡಿಯ ಸ್ನಾಯುರಜ್ಜುವಿಗೆ ಪೆಟ್ಟಾದವರು ಮೊದಲು ತೋರಿಸಿಕೊಂಡು ಶುರುಮಾಡಿ.

ಹೊದಿಕೆಯನ್ನು ಕಾಲ ಕಡೆ ಸಡಿಲವಾಗಿ ಬಿಡಿ. ಅಂಗಾತ ಮಲಗುವವರು ಅಂಗಾಲಿಗೆ ಆನಿಸಿಕೊಳ್ಳಲು ಗಟ್ಟಿ ದಿಂಬನ್ನು ನಿಲ್ಲಿಸಿಟ್ಟುಕೊಂಡರೆ ಪಾದ ಕೆಳಗೆ ಬಾಗುವುದಿಲ್ಲ. ಬೋರಲು ಮಲಗುವವರು ಪಾದಗಳನ್ನು ಹಾಸಿಗೆಯ ಅಂಚಿನಿಂದ ಹೊರಗೆ ಚಾಚಲಿ.

ಪ್ರಶ್ನೆ: ಮೆಗ್ನೀಸಿಯಂ ಮಾತ್ರೆ ತೆಗೆದುಕೊಂಡರೆ ಸೆಳೆತ ನಿಲ್ಲುತ್ತದೆಯೇ? ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಒಳ್ಳೆಯದೆಂದೂ ಕೇಳಿದ್ದೇನೆ.

ಮೆಗ್ನೀಸಿಯಂ ಬಗ್ಗೆ ನಂಬಿಕೆ ದೊಡ್ಡದು, ಪುರಾವೆ ಚಿಕ್ಕದು. ಲಭ್ಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ವಯಸ್ಸಾದವರ ಸೆಳೆತವನ್ನು ತಡೆಯುವುದರಲ್ಲಿ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಸಿಗುವ ಸಂಭವ ಕಡಿಮೆ. ಮೆಗ್ನೀಸಿಯಂ ನಿಜವಾಗಿ ಕಡಿಮೆಯಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಮಾತು ಬೇರೆ. ಭೇದಿಯಾಗುವುದು ಇದರ ಸಾಮಾನ್ಯ ತೊಂದರೆ. ಕಿಡ್ನಿ ಸರಿಯಾಗಿ ಕೆಲಸ ಮಾಡದವರಲ್ಲಿ ಮೆಗ್ನೀಸಿಯಂ ರಕ್ತದಲ್ಲೇ ಉಳಿದು ಅಪಾಯವಾಗುತ್ತದೆ.

ಕ್ವಿನೈನ್ ಸೆಳೆತವನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ನಿಜ. ಆದರೆ ಕೆಲವರಲ್ಲಿ ಪ್ಲೇಟ್‌ಲೆಟ್‌ಗಳನ್ನು ಒಮ್ಮೆಲೇ ಕುಸಿಯುವಂತೆ ಮಾಡಿ ರಕ್ತಸ್ರಾವ ತರುತ್ತದೆ, ಹೃದಯದ ಬಡಿತ ಕೆಡಿಸುತ್ತದೆ, ಜೀವ ಹೋದದ್ದೂ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೆಳೆತಕ್ಕೆಂದು ಚೀಟಿಯಿಲ್ಲದೆ ಕ್ವಿನೈನ್ ಮಾರುವುದನ್ನು 1994ರಲ್ಲಿಯೇ ನಿಲ್ಲಿಸಿತು. ಯಾರೋ ಹೇಳಿದರೆಂದು ಇದನ್ನು ಮುಟ್ಟಲೇಬೇಡಿ.

ವಿಟಮಿನ್ ಕೆ2 ಬಗ್ಗೆಯೂ ಕೆಲವರು ಕೇಳಿದ್ದಾರೆ. 65 ದಾಟಿದವರಿಗೆ ದಿನಕ್ಕೆ 180 ಮೈಕ್ರೋಗ್ರಾಂನಂತೆ ಎಂಟು ವಾರ ಕೊಟ್ಟ ಚೀನಾದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಗಿದೆ, ಫಲಿತಾಂಶ ಆಶಾದಾಯಕವಾಗಿದೆ. ಒಂದೇ ಅಧ್ಯಯನದ ಮೇಲೆ ಎಲ್ಲರಿಗೂ ಬರೆದುಕೊಡಲು ನಾವು ಸಿದ್ಧರಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಂತೂ ಇದನ್ನು ತಾವಾಗಿಯೇ ನುಂಗಬಾರದು. ವಿಟಮಿನ್ ಕೆ ಆ ಮಾತ್ರೆಯ ಪರಿಣಾಮವನ್ನೇ ತಗ್ಗಿಸುತ್ತದೆ.

ಪ್ರಶ್ನೆ: ನಮ್ಮ ತಂದೆಗೆ 73 ವರ್ಷ. ಬಿ.ಪಿ., ಕೊಲೆಸ್ಟರಾಲ್ ಮಾತ್ರೆಗಳ ಜೊತೆಗೆ ಉಬ್ಬಸಕ್ಕೆ ಇನ್‌ಹೇಲರ್ ಕೂಡ ಇದೆ. ನಾಲ್ಕು ತಿಂಗಳಿಂದ ಸೆಳೆತ ವಿಪರೀತವಾಗಿದೆ. ಮಾತ್ರೆಗಳಿಂದ ಹೀಗಾಗಬಹುದೇ?

ಆಗಬಹುದು. ಎಲ್ಲರೂ ಮೊದಲು ನೋಡಬೇಕಾದ್ದೂ ಇದನ್ನೇ, ಆದರೆ ಹೆಚ್ಚಾಗಿ ಕೊನೆಗೆ ನೋಡುತ್ತಾರೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಗಳು ಮತ್ತು ದೀರ್ಘಕಾಲ ಕೆಲಸ ಮಾಡುವ, ಸಾಲ್ಮೆಟರಾಲ್, ಫಾರ್ಮೊಟೆರಾಲ್‌ನಂಥ ಔಷಧವಿರುವ ಇನ್‌ಹೇಲರ್‌ಗಳು ಸೆಳೆತದ ಜೊತೆ ನಂಟಿರುವ ಔಷಧಗಳಲ್ಲಿ ಮುಖ್ಯವಾದವು. ಕೊಲೆಸ್ಟರಾಲಿನ ಸ್ಟಾಟಿನ್ ಮಾತ್ರೆಗಳಿಗೂ ನಂಟಿದೆ, ಆದರೆ ಅಷ್ಟು ಬಲವಾದದ್ದಲ್ಲ. ಸ್ಟಾಟಿನ್‌ನಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ತೊಡೆಗಳಲ್ಲಿ ಹಗಲು ಹೊತ್ತಿನಲ್ಲೂ ಇರುವ ಸೋತ ನೋವು.

ತಂದೆಯವರು ಈಗ ತೆಗೆದುಕೊಳ್ಳುವ ಪ್ರತಿಯೊಂದು ಮಾತ್ರೆಯ ಹೆಸರು, ಪ್ರಮಾಣ, ಶುರುವಾದ ತಿಂಗಳು ಬರೆದಿಡಿ. ಪಕ್ಕದಲ್ಲಿ ಸೆಳೆತ ಹೆಚ್ಚಾದ ತಿಂಗಳನ್ನು ಗುರುತಿಸಿ. ನಾಲ್ಕು ತಿಂಗಳ ಹಿಂದೆ ಹೊಸ ಮಾತ್ರೆ ಸೇರಿತೇ, ಪ್ರಮಾಣ ಏರಿತೇ ಎಂಬುದು ಅಲ್ಲಿ ಕಣ್ಣಿಗೆ ಬೀಳುತ್ತದೆ. ಆ ಹಾಳೆಯನ್ನು ವೈದ್ಯರಿಗೆ ಕೊಡಿ. ಅವರು ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್, ಸಕ್ಕರೆ, ಥೈರಾಯ್ಡ್ ನೋಡಿ, ಬೇಕಿದ್ದರೆ ಮಾತ್ರೆಯನ್ನು ಬದಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಇನ್‌ಹೇಲರ್ ನಿಲ್ಲಿಸಿದರೆ ಉಬ್ಬಸ ಕೆರಳುತ್ತದೆ, ಬಿ.ಪಿ. ಮಾತ್ರೆ ಬಿಟ್ಟರೆ ಒತ್ತಡ ಏರುತ್ತದೆ.

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ. ರಾತ್ರಿ ಎರಡೂ ಮೀನಖಂಡ ಹಿಡಿದುಕೊಳ್ಳುತ್ತವೆ. ಹೊಟ್ಟೆ ಅಡ್ಡವಾಗಿ ಪಾದ ಕೈಗೆ ಸಿಗುವುದಿಲ್ಲ.

ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಇದು ಬಹಳ ಸಾಮಾನ್ಯ, ಹೆರಿಗೆಯ ನಂತರ ಹೆಚ್ಚಿನವರಿಗೆ ಹೋಗುತ್ತದೆ. ಮುಂದೆ ಬಾಗಲು ಹೋಗಬೇಡಿ. ಗೋಡೆಗೆ ಅಥವಾ ಮಂಚದ ಕಾಲ್ದೆಸೆಯ ಹಲಗೆಗೆ ಪಾದ ತಾಗುವಂತೆ ಮಲಗಿದರೆ, ಸೆಳೆತ ಬಂದಾಗ ಮಂಡಿ ನೇರ ಮಾಡಿ ಅಂಗಾಲನ್ನು ಅದಕ್ಕೆ ಚಪ್ಪಟೆಯಾಗಿ ಆನಿಸಿದರೆ ಸಾಕು. ಪಕ್ಕದಲ್ಲಿರುವವರಿಗೆ ಮೇಲೆ ಹೇಳಿದ ಹಿಮ್ಮಡಿ ಹಿಡಿಯುವ ವಿಧಾನವನ್ನು ಹಗಲಲ್ಲೇ ಒಮ್ಮೆ ಅಭ್ಯಾಸ ಮಾಡಿಸಿಡಿ. ಗರ್ಭಿಣಿಯರಿಗೆ ಮೆಗ್ನೀಸಿಯಂ ಉಪಯೋಗವೇ ಎಂಬುದಕ್ಕೆ ಅಧ್ಯಯನಗಳು ಒಂದೊಂದು ಒಂದೊಂದು ಹೇಳುತ್ತವೆ. ನಿಮ್ಮ ಹೆರಿಗೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಒಂದು ಎಚ್ಚರ ಮಾತ್ರ ಇರಲಿ. ಗರ್ಭಾವಸ್ಥೆಯಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಂದೇ ಕಾಲು ಊದಿದ್ದರೆ, ಬೆಚ್ಚಗಾಗಿ ಕೆಂಪಾಗಿದ್ದರೆ, ನೋವು ನಿಮಿಷಗಳಲ್ಲಿ ಹೋಗದೆ ಗಂಟೆಗಟ್ಟಲೆ ಇದ್ದರೆ ತಿಕ್ಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋಯಿಸಿದರೆ ಒಂದು ನಿಮಿಷವೂ ಕಾಯಬೇಡಿ. ಗರ್ಭಿಣಿಯರಲ್ಲದವರಿಗೂ ಇದೇ ಮಾತು.

ಪ್ರಶ್ನೆ: ನನ್ನದು ಸೆಳೆತವೋ ಬೇರೇನೋ ತಿಳಿಯುತ್ತಿಲ್ಲ. ಮಲಗಿದ ಕೂಡಲೇ ಕಾಲಿನೊಳಗೆ ಏನೋ ಹರಿದಾಡಿದಂತಾಗಿ ಕಾಲು ಆಡಿಸುತ್ತಲೇ ಇರಬೇಕು ಅನ್ನಿಸುತ್ತದೆ. ವೈದ್ಯರ ಹತ್ತಿರ ಯಾವಾಗ ಹೋಗಬೇಕು?

ನೀವು ಹೇಳುವ ಲಕ್ಷಣ ಸೆಳೆತದ್ದಲ್ಲ. ಸೆಳೆತದಲ್ಲಿ ಸ್ನಾಯು ಮುಟ್ಟಿದರೆ ಗಟ್ಟಿಯಾಗಿ ಸಿಗಬೇಕು, ನೋವು ಒಮ್ಮೆಲೇ ಬರಬೇಕು, ಎಳೆದರೆ ಬಿಡಬೇಕು. ಆಡಿಸಲೇಬೇಕೆಂಬ ತುಡಿತ, ಎದ್ದು ಓಡಾಡಿದರೆ ಸಮಾಧಾನ, ಸಂಜೆಯಿಂದ ಹೆಚ್ಚಾಗುವುದು ಇವು ರೆಸ್ಟ್‌ಲೆಸ್ ಲೆಗ್ಸ್ ತೊಂದರೆಯ ಗುರುತುಗಳು. ಇದಕ್ಕೆ ಕಬ್ಬಿಣದ ಕೊರತೆ ಒಂದು ಮುಖ್ಯ ಕಾರಣ. ಹಿಮೋಗ್ಲೋಬಿನ್ ಸರಿಯಿದ್ದರೂ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಸಾಮಾನ್ಯರಿಗೆ ಸಾಕೆನ್ನಿಸುವ ಮಟ್ಟ ಈ ತೊಂದರೆಯಲ್ಲಿ ಸಾಲುವುದಿಲ್ಲ. ಫೆರಿಟಿನ್ ಮಿಲಿಲೀಟರಿಗೆ 75 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡುವುದನ್ನು ವೈದ್ಯರು ಪರಿಗಣಿಸುತ್ತಾರೆ.

ಸ್ವಲ್ಪ ನಡೆದರೆ ಮೀನಖಂಡ ನೋಯುತ್ತದೆ, ನಿಂತರೆ ಹೋಗುತ್ತದೆ, ರಾತ್ರಿ ಪಾದ ನೋಯುವಾಗ ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸುತ್ತದೆ ಎಂದಾದರೆ ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಎಂದು ಅನುಮಾನಿಸಬೇಕು. ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು ಇದನ್ನು ಕಡೆಗಣಿಸಲೇಬಾರದು. ಉರಿ, ಜುಮ್ಮೆನ್ನುವಿಕೆ, ಮರಗಟ್ಟುವಿಕೆ ಇದ್ದರೆ ನರಗಳ ಹಾನಿ ಇರಬಹುದು. ಕೈಬೆರಳುಗಳೂ ಮುರುಟಿಕೊಂಡು ಬಾಯಿಯ ಸುತ್ತ ಜುಮ್ಮೆಂದರೆ ಕ್ಯಾಲ್ಸಿಯಂ ಇಳಿದಿರಬಹುದು, ತಡಮಾಡದೆ ಪರೀಕ್ಷಿಸಿಕೊಳ್ಳಿ. ಕಾಲು ಸಣಕಲಾಗುತ್ತಿದ್ದರೆ, ಬಲ ಕುಂದುತ್ತಿದ್ದರೆ, ಸ್ನಾಯು ಸದಾ ಅದುರುತ್ತಿದ್ದರೆ ನರರೋಗ ತಜ್ಞರನ್ನು ಕಾಣಬೇಕು.

ಇವು ಯಾವುವೂ ಇಲ್ಲದೆ ಬರೀ ಸೆಳೆತವಿದ್ದು, ಆರು ವಾರ ವ್ಯಾಯಾಮ ಮಾಡಿದ ಮೇಲೂ ನಿದ್ದೆ ಕೆಡುತ್ತಿದ್ದರೆ ಆಗಲೂ ವೈದ್ಯರನ್ನು ನೋಡಿ. ಹೋಗುವ ಮುಂಚಿನ ಎರಡು ವಾರ, ಸೆಳೆತ ಬಂದ ರಾತ್ರಿಗಳಲ್ಲಿ ಗಂಟೆ, ಯಾವ ಕಾಲು, ಯಾವ ಸ್ನಾಯು, ಎಷ್ಟು ನಿಮಿಷ, ಅಂದು ಹಗಲು ಏನು ಮಾಡಿದ್ದಿರಿ ಎಂದು ಒಂದೊಂದು ಸಾಲು ಬರೆದುಕೊಂಡಿರಿ. ವೈದ್ಯರ ಮುಂದೆ ಕೂತಾಗ ಕಾಲಿನಲ್ಲಿ ನೋವೂ ಇರುವುದಿಲ್ಲ, ಗಂಟೂ ಇರುವುದಿಲ್ಲ. ಅವರಿಗೆ ನೋಡಲು ಸಿಗುವುದು ಆ ಚೀಟಿಯೊಂದೇ.